ಕ್ರಿಸ್‌ಕ್ರಾಸ್ ಸಾಲು ಮತ್ತು ಡಿಗರಿಯ ಕುತ್ತಿಗೆ

ಕೂಲಿಯಾಳು ಡಿಗರಿ ಯೋ ಎಂಬವನು ಕುರಿ ಕದ್ದದ್ದು ನಿಜ. ಈ ವಿಷಯದಲ್ಲಿ ನಮ್ಮ ಮಾರ್‌ಕೂಂಬಿನಲ್ಲಿ ಎರಡು ಮಾತಿರಲಿಲ್ಲ. ಊರಿನ ಕಾವಲಿನವನು ಬಾಗಿಲಲ್ಲಿ ನಿಂತು "ಇಲ್ಲೊಂದು ಕುರಿ ಬಂತೇನೋ?" ಎಂದು ಕೇಳಿದಾಗ, ಡಿಗರಿ "ಯಾವ ಕುರಿ?" ಎನ್ನಲು ಬಾಯಿ ತೆರೆಯುವ ಮೊದಲೇ ಮಂಚದ ಕೆಳಗಿನಿಂದ ಕುರಿಯೇ ಉತ್ತರ ಕೊಟ್ಟಿತ್ತು. ಕದಿಯುವುದನ್ನೂ ನೆಟ್ಟಗೆ ಕದಿಯಲು ಬಾರದವರು ನಾವು. ಗುಡ್ಡದಾಚೆಯ ಊರಿನವರು ಇದೇ ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿಕೊಂಡು, ಭಾನುವಾರ ನಮಗಿಂತ ಮುಂದಿನ ಬೆಂಚಿನಲ್ಲಿ ಕೂತು ಪ್ರಾರ್ಥನೆ ಮಾಡುತ್ತಾರೆ!

ರಾಜನ ತಲೆ ತೆಗೆದು ಕೆಲವು ವರ್ಷಗಳಾಗಿದ್ದ ಕಾಲ ಅದು. ರಾಜನ ತಲೆಯೇ ನಿಲ್ಲದಿದ್ದ ಮೇಲೆ ಕೂಲಿಯವನ ತಲೆಯನ್ನು ಕೇಳುವವರು ಯಾರು? ಕುರಿ ಕದ್ದವನಿಗೆ ನೇಣು. ಆದರೆ ನಮ್ಮ ಇಂಗ್ಲೆಂಡಿನ ಕಾನೂನಿನ ಗೋಡೆಯಲ್ಲಿ ಒಂದು ಹಳೆಯ ಕಿಂಡಿ ಇತ್ತು. ಓದಲು ಬರುವವನನ್ನು ಮೊದಲ ತಪ್ಪಿಗೆ ನೇಣು ಹಾಕುವಂತಿಲ್ಲ. ಹಿಂದೆ ಓದು ಬಲ್ಲವರೆಂದರೆ ಪಾದ್ರಿಗಳು ಮಾತ್ರ. ಹಾಗಾಗಿ ಓದು ಬಲ್ಲ ಕಳ್ಳನನ್ನೂ ಪಾದ್ರಿಯ ಪೈಕಿಯೇ ಎಂದು ಎಣಿಸಿ, ಹೆಬ್ಬೆರಳಿಗೆ ಬರೆ ಹಾಕಿ ಮನೆಗೆ ಕಳಿಸುತ್ತಿದ್ದರು. ನ್ಯಾಯಾಧೀಶರ ಮುಂದೆ ಪ್ರಾರ್ಥನೆಯ ಪುಸ್ತಕ ಹಿಡಿದು ದೇವರ ಕರುಣೆ ಬೇಡುವ ಒಂದು ಶ್ಲೋಕವನ್ನು ಓದಬೇಕು. ಪಕ್ಕದಲ್ಲಿ ನಿಂತ ಪಾದ್ರಿ "ಓದುತ್ತಾನೆ" ಎಂದರೆ ಪ್ರಾಣ ಉಳಿಯಿತು, "ಓದುವುದಿಲ್ಲ" ಎಂದರೆ ಹಗ್ಗ. ಎಲ್ಲ ಕಳ್ಳರಿಗೂ ಕೊಡುತ್ತಿದ್ದುದು ಅದೊಂದೇ ಶ್ಲೋಕವಾದ್ದರಿಂದ ಜನ ಅದಕ್ಕೆ ಕುತ್ತಿಗೆಯ ಶ್ಲೋಕ ಎಂದೇ ಹೆಸರಿಟ್ಟಿದ್ದರು.

ಡಿಗರಿಗೆ ಓದಲು ಬರುತ್ತಿರಲಿಲ್ಲ. ಆದರೆ ಅವನ ಅಕ್ಕ ಟ್ಯಾಮ್ಸಿನ್‌ಳ ಗಂಡ ಊರಿನ ಮೇಷ್ಟ್ರು.

ಈ ಮೇಷ್ಟ್ರು ಆಂಬ್ರೋಸ್ ಟಕರ್ ಚರ್ಚಿನ ಮೊಗಸಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸುತ್ತಿದ್ದ. ಅದಕ್ಕೆ ಪ್ರತಿಯಾಗಿ ಒಂದು ಸೋರುವ ಮನೆ, ಸ್ವಲ್ಪ ಬಾರ್ಲಿ, ಕ್ರಿಸ್‌ಮಸ್‌ಗೆ ಒಂದು ತುಂಡು ಹಂದಿಮಾಂಸ ಸಿಗುತ್ತಿತ್ತು. ತಾನು ದೊಡ್ಡ ವಿದ್ವಾಂಸ ಎಂದು ಅವನಿಗೆ ಗಟ್ಟಿ ನಂಬಿಕೆ. ತನ್ನ ಲ್ಯಾಟಿನ್ ಮೊದಲ ಪುಟ ದಾಟಿಲ್ಲ ಎಂಬುದೂ ಅವನಿಗೆ ಗೊತ್ತು. ಈ ಎರಡನ್ನೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇಟ್ಟುಕೊಂಡಿದ್ದದ್ದೇ ಅವನ ನಿಜವಾದ ಪಾಂಡಿತ್ಯ. ಹೆದರುಪುಕ್ಕಲ ಕೂಡ. ಅದನ್ನೂ ಅವನು ತಿಳಿದಿದ್ದ. ತನ್ನನ್ನು ತಾನು ಹಂಗಿಸಿಕೊಳ್ಳುವುದರಲ್ಲಿ ಆಂಬ್ರೋಸನಿಗೆ ಊರಿನವರ ಸಹಾಯ ಬೇಕಿರಲಿಲ್ಲ. ನಾವೇ ಸುಮ್ಮನಿರಲಾರದೆ ಮಾಡುತ್ತಿದ್ದೆವು.

ಅವನು ಕಲಿಸುತ್ತಿದ್ದದ್ದು ಕೊಂಬಿನ ಹಲಗೆಯಿಂದ. ಹಿಡಿಯಿರುವ ಪುಟ್ಟ ಮರದ ಹಲಗೆ, ಅದರ ಮೇಲೆ ಅಕ್ಷರದ ಹಾಳೆ, ಮಕ್ಕಳ ಕೊಳೆಗೈ ತಾಗದಂತೆ ಹಾಳೆಯ ಮೇಲೆ ಎತ್ತಿನ ಕೊಂಬಿನ ತೆಳು ಹೊದಿಕೆ. ಅಕ್ಷರಗಳ ಮೊದಲ ಸಾಲಿನ ತುದಿಯಲ್ಲಿ ಒಂದು ಪುಟ್ಟ ಶಿಲುಬೆ. ಆ ಶಿಲುಬೆಯಿಂದಾಗಿಯೇ ಇಡೀ ಅಕ್ಷರಮಾಲೆಯನ್ನು ನಮ್ಮ ಕಡೆ ಕ್ರಿಸ್‌ಕ್ರಾಸ್ ಸಾಲು ಎನ್ನುವುದು. ಈ ಹೆಸರು ಹೇಗೆ ಬಂತು ಎಂಬ ಚರಿತ್ರೆ ಆಂಬ್ರೋಸನ ಪ್ರಾಣ. ಹೆಂಡದಂಗಡಿಯಲ್ಲಿ ಅವನು ಗಂಟಲು ಸರಿಮಾಡಿಕೊಂಡು "ಈ ಕ್ರಿಸ್‌ಕ್ರಾಸ್ ಅನ್ನೋ ಮಾತಿದೆಯಲ್ಲ..." ಎಂದರೆ ಸಾಕು, ಅರ್ಧ ಕುಡಿದ ಲೋಟ ಬಿಟ್ಟು ಜನ ಕಂಬಿ ಕೀಳುತ್ತಿದ್ದರು. ಅಂಗಡಿಯವಳು ಬೇಗ ಬಾಗಿಲು ಹಾಕಬೇಕೆಂದಿದ್ದ ದಿನ ಅವನಿಗೊಂದು ಲೋಟ ಬಿಟ್ಟಿ ಕೊಟ್ಟು ಆ ವಿಷಯ ಕೇಳುತ್ತಿದ್ದಳು.

ಹಿಂದಿನ ವರ್ಷ ಹೊಸ ಸರಕಾರದವರ ಅಪ್ಪಣೆ ಬಂದಿತ್ತು: ಶಿಲುಬೆ ಎಂಬುದು ಹಳೆಯ ಪೋಪನ ಕಾಲದ ಮೂಢಾಚಾರ, ಎಲ್ಲಿದ್ದರೂ ಕೆರೆದು ತೆಗೆಯಬೇಕು, ಮಕ್ಕಳ ಹಲಗೆಯಲ್ಲಿ ಇಟ್ಟುಕೊಂಡ ಮೇಷ್ಟ್ರಿಗೆ ಶಾಲೆ ಇಲ್ಲ. ಎಲ್ಲರಿಗಿಂತ ಮೊದಲು ಚಾಕು ತಂದವನು ಆಂಬ್ರೋಸ್. ಅಷ್ಟು ವರ್ಷ ಆ ಶಿಲುಬೆಯ ಮಹಿಮೆ ಹೇಳಿ ಊರಿನ ತಲೆ ತಿಂದವನು ಒಂದೇ ಮಧ್ಯಾಹ್ನದಲ್ಲಿ ಎಲ್ಲ ಹಲಗೆಗಳನ್ನೂ ಕೆರೆದು, ಕೈ ಕೊಡವಿಕೊಂಡು, ಊಟಕ್ಕೆ ಹೋದ. ತಾನು ಚಿಕ್ಕಂದಿನಲ್ಲಿ ಕಲಿತ ಒಂದು ಹಲಗೆಯನ್ನು ಮಾತ್ರ ಬಚ್ಚಿಟ್ಟುಕೊಂಡ. ಅದು ಭಕ್ತಿಯಿಂದಲ್ಲ, ಆ ಚರಿತ್ರೆಗೆ ಸಾಕ್ಷಿ ಬೇಕಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಡಿಗರಿಯನ್ನು ಪಟ್ಟಣದ ಜೈಲಿಗೆ ಹಾಕಿದ ದಿನ ಟ್ಯಾಮ್ಸಿನ್ ಅಡುಗೆಯ ಸೌಟು ಹಿಡಿದೇ ಗಂಡನ ಮುಂದೆ ನಿಂತಳು.

"ಮೇಷ್ಟ್ರೇ," ಎಂದಳು. ಸಿಟ್ಟು ಬಂದಾಗ ಅವಳು ಕರೆಯುವುದು ಹಾಗೆ. "ಇಷ್ಟು ವರ್ಷ ನಿಮ್ಮ ವಿದ್ಯೆಯಿಂದ ಈ ಮನೆಗೆ ಒಂದು ಬೆಣ್ಣೆ ಉಂಡೆ ಬಂದಿಲ್ಲ. ನಾನೇನಾದ್ರೂ ಕೇಳಿದ್ನಾ? ಈಗ ಕೇಳ್ತಿದ್ದೀನಿ. ನಂಗಿರೋದು ಒಬ್ಬನೇ ತಮ್ಮ. ಆ ಶ್ಲೋಕ ಅವನ ಬಾಯಿಗೆ ಹತ್ತಿಸಿ. ಗಿಣಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಡಿ, ಸಾಕು."

"ಗಿಣಿಪಾಠವಾ?" ಆಂಬ್ರೋಸನ ಎದೆ ಉಬ್ಬಿತು. "ಆಂಬ್ರೋಸ್ ಟಕರನ ಕೈಯಲ್ಲಿ ಕಲಿತವರು ಗಿಣಿಪಾಠ ಒಪ್ಪಿಸಲ್ಲ ಕಣೇ. ನಿನ್ನ ತಮ್ಮ ಓದ್ತಾನೆ. ನಿಜವಾಗ್ಲೂ ಓದ್ತಾನೆ."

"ನಮ್ಮ ಡಿಗರಿಯಾ? ಅವನಿಗೆ ಎಡಗಾಲು ಯಾವ್ದು ಬಲಗಾಲು ಯಾವ್ದು ಅಂತ ಈಗ್ಲೂ ಬೂಟು ಹಾಕ್ಕೊಂಡ್ಮೇಲೇ ಗೊತ್ತಾಗೋದು!"

ಆದರೂ ಆಂಬ್ರೋಸ್ ತನ್ನ ಹಳೆಯ ಹಲಗೆಯನ್ನು ಕೋಟಿನೊಳಗೆ ಸಿಕ್ಕಿಸಿಕೊಂಡು ಜೈಲಿಗೆ ಹೊರಟ. ಶಾಲೆಯ ಹಲಗೆ ತಂದರೆ ಯಾರಾದರೂ ಕೇಳಿಯಾರು ಎಂಬ ಭಯ. ಶಿಲುಬೆ ಹಾಗೇ ಉಳಿದಿರುವ ಇದನ್ನು ಕಂಡರೆ ಶಾಲೆಯೇ ಹೋದೀತು ಎಂಬುದು ಹೊಳೆದದ್ದು ಅರ್ಧ ದಾರಿಗೆ ಬಂದ ಮೇಲೆ. ಅವನ ಧೈರ್ಯವೂ ಅವನ ಬುದ್ಧಿಯೂ ಯಾವಾಗಲೂ ಒಂದರ ಹಿಂದೊಂದು ತಡವಾಗಿ ಬರುತ್ತಿದ್ದವು.

ಜೈಲಿನ ಹುಲ್ಲಿನ ಮೇಲೆ ಕೂತಿದ್ದ ಡಿಗರಿ ಆ ಹಲಗೆಯನ್ನು ತನ್ನ ದೊಡ್ಡ ಅಂಗೈಯಲ್ಲಿಟ್ಟು ನೋಡಿದ.

"ಭಾವ, ಈ ಮೊದಲನೇದು ಏನು?"

"ಅದು ಅಕ್ಷರ ಅಲ್ಲಪ್ಪ, ಶಿಲುಬೆ. ಅದರ ಮೇಲೆ ಹೆಬ್ಬೆರಳಿಟ್ಟು 'ಕ್ರಿಸ್ತನ ಶಿಲುಬೆ ನನ್ನ ಕೈ ಹಿಡಿಯಲಿ' ಅಂತ ಹೇಳಿ ಮುಂದಕ್ಕೆ ಹೋಗ್ಬೇಕು."

"ಅಂದ್ರೆ ಇದನ್ನ ಓದಿದ್ರೆ ಓದಿದ ಲೆಕ್ಕಕ್ಕಿಲ್ಲ?"

"ಇಲ್ಲ."

"ಮತ್ಯಾಕೆ ಇಟ್ಟವ್ರೆ?"

ಈ ಪ್ರಶ್ನೆಯನ್ನು ಆಂಬ್ರೋಸನಿಗೆ ತಾನಾಗಿ ಯಾರೂ ಕೇಳಿದ್ದಿಲ್ಲ. ಎದುರಿಗಿರುವವನಿಗೆ ಸಂಕೋಲೆ ಹಾಕಿದೆ, ಎದ್ದು ಓಡಲಾರ. ಆ ಇಡೀ ದಿನ ಚರಿತ್ರೆಯಲ್ಲೇ ಕಳೆಯಿತು. ಸಂಜೆ ಮನೆಗೆ ಬರುವಾಗ ಆಂಬ್ರೋಸನಿಗೆ ಹಿಗ್ಗೋ ಹಿಗ್ಗು. ಇಂಥ ಕುತೂಹಲದ ಶಿಷ್ಯ ಸಿಕ್ಕಿರಲೇ ಇಲ್ಲ ಎಂದು ಹೆಂಡತಿಯ ಮುಂದೆ ಹೊಗಳಿದ. ಅಕ್ಷರ ಎಷ್ಟಾಯಿತು ಎಂದು ಅವಳು ಕೇಳಿದಾಗ ಊಟ ಚೆನ್ನಾಗಿದೆ ಎಂದ.

ದಿನಗಳು ಹೀಗೇ ಸರಿದವು. ಡಿಗರಿ ದಡ್ಡನಲ್ಲ, ಆದರೆ ಪ್ರತಿ ಅಕ್ಷರಕ್ಕೂ ಸಾಲಿನ ತಲೆಗೆ ಹೋಗಿ, ಶಿಲುಬೆ ಮುಟ್ಟಿ, ಅಲ್ಲಿಂದ ಬೆರಳಿನಲ್ಲಿ ಒಂದೊಂದಾಗಿ ನಡೆದುಕೊಂಡೇ ಬರಬೇಕು. ನಡುವೆ ಅವನೊಂದು ಪ್ರಶ್ನೆ ಕೇಳುತ್ತಿದ್ದ, ಆಂಬ್ರೋಸ್ ಉತ್ತರಿಸಲು ತೊಡಗಿದರೆ ಹೊತ್ತು ಮುಳುಗುತ್ತಿತ್ತು. ಊರೂರು ಸುತ್ತಿ ವಿಚಾರಣೆ ನಡೆಸುವ ನ್ಯಾಯಾಧೀಶರ ಸಾರೋಟು ಪಟ್ಟಣಕ್ಕೆ ಬರುವ ಹೊತ್ತಿಗೆ ಅಕ್ಷರಗಳ ಹೆಸರುಗಳು ಹೇಗೋ ಮುಗಿದಿದ್ದವು. ಅವನ್ನು ಕೂಡಿಸಿ ಪದ ಮಾಡುವುದು ಬಾಕಿ ಇತ್ತು. ಓದು ಎಂದರೆ ಅದೇ ಅಲ್ಲವೇ ಎಂದು ನೀವು ಕೇಳಬಹುದು. ಆಂಬ್ರೋಸನಿಗೂ ಒಮ್ಮೊಮ್ಮೆ ರಾತ್ರಿ ಹಾಗೆ ಅನ್ನಿಸುತ್ತಿತ್ತು. ಒಳ್ಳೆಯ ಗುರುವಿನ ಶಿಷ್ಯನಿಗೆ ಅದು ತಾನಾಗಿ ಬರುತ್ತದೆ ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದ.

ಅವನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಟ್ಯಾಮ್ಸಿನ್ ತಮ್ಮನಿಗೆ ರೊಟ್ಟಿ ಕೊಡುವ ನೆವದಲ್ಲಿ ಜೈಲಿನ ಹಿಂದಿನ ಕಿಟಕಿಗೆ ಹೋಗಿ, ಕುತ್ತಿಗೆಯ ಶ್ಲೋಕವನ್ನು ತೊಟ್ಟಿಲು ತೂಗುವ ರಾಗದಲ್ಲಿ ಹಾಡಿ ಹಾಡಿ ಅವನ ಬಾಯಿಗೆ ಹತ್ತಿಸಿಬಿಟ್ಟಿದ್ದಳು. ಅವಳಿಗೂ ಓದು ಬರುತ್ತಿರಲಿಲ್ಲ, ಚರ್ಚಿನಲ್ಲಿ ಕೇಳಿ ಕಲಿತದ್ದು. "ಭಾವನ ಹತ್ರ ಹೇಳ್ಬೇಡ," ಎಂದಿದ್ದಳು. "ಹೇಳಲ್ಲಕ್ಕ, ಪಾಪ, ನೊಂದ್ಕೋತಾನೆ," ಎಂದಿದ್ದ ಡಿಗರಿ.

ವಿಚಾರಣೆಯ ದಿನ ಸಭೆ ಕಿಕ್ಕಿರಿದಿತ್ತು. ಮಾರ್‌ಕೂಂಬಿನವರೆಲ್ಲ ಬಂದಿದ್ದೆವು. ಬಿಟ್ಟಿ ತಮಾಷೆಯನ್ನು ನಾವು ತಪ್ಪಿಸಿಕೊಂಡ ದಾಖಲೆ ಇಲ್ಲ. ಮೇಲಿನ ಕುರ್ಚಿಯಲ್ಲಿ ದಪ್ಪ ನ್ಯಾಯಾಧೀಶರು, ಬೆಳಗಿನಿಂದ ಕೂತು ಕೂತು ಮುಖ ಬಾಡಿತ್ತು. ಪಕ್ಕದಲ್ಲಿ ಪಟ್ಟಣದ ಪಾದ್ರಿ ಎಝ್ರಾ ಹೋಲ್, ಕಪ್ಪು ಅಂಗಿ, ಕಡ್ಡಿಯಂಥ ಆಳು. ನಮ್ಮ ಕಡೆಯ ಶಾಲೆಗಳೆಲ್ಲ ಅವನ ಕೈಕೆಳಗೆ. ಶಿಲುಬೆ ಕೆರೆಯುವ ಅಪ್ಪಣೆಯನ್ನು ಊರೂರಿಗೆ ತಂದವನೂ ಅವನೇ.

ಡಿಗರಿಯ ಕೈಗೆ ಪುಸ್ತಕ ಕೊಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ಬಿಸಿ ಗಂಜಿಯ ಬಟ್ಟಲಿನಂತೆ ಹಿಡಿದುಕೊಂಡು, ಒಮ್ಮೆ ಅಕ್ಕನ ಕಡೆ ನೋಡಿ, ಶ್ಲೋಕವನ್ನು ತಡೆಯಿಲ್ಲದೆ ಹೇಳಿಬಿಟ್ಟ. ಅಷ್ಟೇ ಅಲ್ಲ, ಕೇಳದಿದ್ದ ಮುಂದಿನ ಶ್ಲೋಕವನ್ನೂ ಹೇಳಿದ. ಕೊನೆಗೆ ಒಂದು ಆಮೆನ್ ಕೂಡ ಹಾಕಿದ.

ಆಂಬ್ರೋಸನ ಕಣ್ಣು ತುಂಬಿ ಬಂತು. ಕೂಡಿಸುವುದನ್ನು ಇವನು ತಾನೇ ಕಂಡುಕೊಂಡಿದ್ದಾನೆ! ಜೈಲಿನ ಹುಲ್ಲಿನ ಮೇಲೆ, ಯಾರ ಸಹಾಯವೂ ಇಲ್ಲದೆ! ಅಬ್ಬಾ, ಎಂಥ ಗುರು ಸಿಕ್ಕಿದ್ದರೆ ಹೀಗಾದೀತು! ಪಾದ್ರಿ ಹೋಲ್ ಬಾಯಿ ತೆರೆದು "ಓದು..." ಎನ್ನುವಷ್ಟರಲ್ಲಿ ಆಂಬ್ರೋಸನ ಕಾಲುಗಳು ತಾವಾಗಿ ಎದ್ದು ನಿಂತವು.

"ಸ್ವಾಮಿ! ಇದು ಎಲ್ಲರ ಹಾಗೆ ಬಾಯಿಪಾಠ ಅಂದ್ಕೋಬೇಡಿ! ನಾನೇ ಕಲಿಸಿದ್ದು, ಮಾರ್‌ಕೂಂಬಿನ ಮೇಷ್ಟ್ರು ಆಂಬ್ರೋಸ್ ಟಕರ್! ಅಪ್ಪಟ ಓದು ಇದು. ಬೇಕಾದ್ರೆ ಪರೀಕ್ಷೆ ಮಾಡಿ, ಯಾವ ಪುಟ ಬೇಕಾದ್ರೂ ಕೊಡಿ!"

ಪಕ್ಕದಲ್ಲಿ ಟ್ಯಾಮ್ಸಿನ್ ಅವನ ಕೋಟಿನ ಅಂಚು ಹಿಡಿದು ಕೆಳಗೆ ಎಳೆದಳು.

"ಪಾಪಿ," ಎಂದಳು, ಉಸಿರಿನಷ್ಟು ಮೆಲ್ಲಗೆ. "ಬಾಯಿಪಾಠವೇ ಅದು. ನಾನೇ ಹಾಡಿ ಕಲಿಸಿದ್ದು."

ಜಗತ್ತಿನಲ್ಲಿ ಮೂರ್ಖರು ಬಹಳ ಇದ್ದಾರೆ, ಆದರೆ ಸ್ವಂತ ಭಾವಮೈದುನನ ಕುತ್ತಿಗೆಗೆ ಹಗ್ಗವನ್ನು ಹೆಮ್ಮೆಯಿಂದ ತಂದು ಹಾಕಿದ ಮೂರ್ಖ ತಾನೊಬ್ಬನೇ ಇರಬೇಕು ಎಂದುಕೊಂಡ ಆಂಬ್ರೋಸ್. ಹೇಳಿದ ಮಾತನ್ನು ನುಂಗಲು ಆಗುವುದಿದ್ದರೆ ನಾಲಗೆಯ ಸಮೇತ ನುಂಗುತ್ತಿದ್ದ.

"ಹಾಗೋ?" ಎಂದರು ನ್ಯಾಯಾಧೀಶರು. "ಮೇಷ್ಟ್ರೇ ಹೇಳ್ತಿದ್ದಾರಲ್ಲ. ಪಾದ್ರಿಗಳೇ, ಬೇರೆ ಪುಟ ಕೊಡಿ."

ಪಾದ್ರಿ ಹೋಲ್ ಪುಟ ಮಗುಚಿ ಒಂದು ಸಾಲಿನ ಮೇಲೆ ಬೆರಳಿಟ್ಟ. ಡಿಗರಿ ಬಹಳ ಹೊತ್ತು ನೋಡಿದ. ಆಮೇಲೆ ತನ್ನ ದಪ್ಪ ಹೆಬ್ಬೆರಳನ್ನು ಪುಟದ ಮೂಲೆಗೆ ಒತ್ತಿ, "ಕ್ರಿಸ್ತನ ಶಿಲುಬೆ ನನ್ನ ಕೈ ಹಿಡಿಯಲಿ," ಎಂದ. ಅಲ್ಲಿಂದ ಶುರುಮಾಡಿ ಒಂದೊಂದೇ ಅಕ್ಷರದ ಹೆಸರು ಹೇಳುತ್ತಾ ಸಾಲಿನ ಕೊನೆಯವರೆಗೂ ನಡೆದ. ಒಂದೂ ತಪ್ಪಲಿಲ್ಲ.

"ಕೂಡಿಸಿದರೆ ಏನಾಗುತ್ತೆ?" ಎಂದ ಪಾದ್ರಿ.

"ಅದು ನಾಳೆ ಪಾಠ, ಸ್ವಾಮಿ."

ಸಭೆ ಗೊಳ್ಳೆಂದು ನಕ್ಕಿತು. ಪಾದ್ರಿ ನಗಲಿಲ್ಲ. "ಮೊದಲು ಏನೋ ಮಣಮಣ ಅಂದೆಯಲ್ಲ, ಅದೇನು? ಪೋಪನವರ ಮಾಟದ ಮಾತು ಅದು. ಇಡೀ ಸಾಲನ್ನೂ ಹಾಗೇ ಮಂತ್ರದ ಹಾಗೆ ಜಪಿಸಿದೆ. ಮಂತ್ರ ಹೇಳುವವನು ಓದುವವನಲ್ಲ. ಈ ಶಿಲುಬೆಯ ಮಾತನ್ನೂ ನಿನ್ನ ಮೇಷ್ಟ್ರೇ ಕಲಿಸಿದರೋ?"

ಡಿಗರಿ ಆಂಬ್ರೋಸನ ಕಡೆ ನೋಡಿ ತಟ್ಟನೆ ಮುಖ ತಿರುಗಿಸಿದ. "ಇಲ್ಲ ಸ್ವಾಮಿ. ಭಾವ ಬರೀ ಅಕ್ಷರ ಕಲಿಸಿದ್ದು. ಅದು ನಮ್ಮಜ್ಜಿ ಹೇಳ್ತಿದ್ದ ಮಾತು."

ಆಂಬ್ರೋಸನಿಗೆ ಎರಡೂ ದಾರಿ ಸ್ಪಷ್ಟವಾಗಿ ಕಂಡವು. ಸುಮ್ಮನೆ ಕೂತರೆ ಶಾಲೆ ಉಳಿಯುತ್ತದೆ, ಸೋರುವ ಮನೆ ಉಳಿಯುತ್ತದೆ. ಅದು ಅಜ್ಜಿಯ ಮಂತ್ರವಾಗುತ್ತದೆ, ಡಿಗರಿ ಓದದವನಾಗುತ್ತಾನೆ. ಎದ್ದು ಹೌದೆಂದರೆ ಅದು ಮೇಷ್ಟ್ರ ಪಾಠವಾಗುತ್ತದೆ, ಶಾಲೆ ಹೋಗುತ್ತದೆ. ಬದುಕಿನಲ್ಲಿ ಎಲ್ಲ ಗಾಳಿಗೂ ಬೆನ್ನು ಕೊಟ್ಟವನು ಅವನು. ಆದರೆ ಅಲ್ಲಿ ಕಟಕಟೆಯಲ್ಲಿ ನಿಂತ ಆ ಪೆದ್ದ, ತನ್ನ ಕುತ್ತಿಗೆ ಹೋಗುವ ಹೊತ್ತಿನಲ್ಲೂ ಭಾವನ ಅನ್ನ ಉಳಿಸಲು ಸುಳ್ಳು ಹೇಳುತ್ತಿದ್ದ. ಅದನ್ನು ತಾಳಿಕೊಳ್ಳುವುದು ಆಂಬ್ರೋಸನಿಗೆ ಆಗಲಿಲ್ಲ.

"ಅಜ್ಜಿ ಅಲ್ಲ, ನಾನೇ ಕಲಿಸಿದ್ದು!" ಅವನ ದನಿ ಕೀರಲಾಗಿತ್ತು. "ಅದು ಮಾಟ ಅಲ್ಲ ಸ್ವಾಮಿ. ಓದಿನ ಮೊದಲ ಮೆಟ್ಟಿಲು. ಈ ಕ್ರಿಸ್‌ಕ್ರಾಸ್ ಅನ್ನೋ ಮಾತಿದೆಯಲ್ಲ..."

ಹಿಂದಿನ ಬೆಂಚಿನಲ್ಲಿದ್ದ ಮಾರ್‌ಕೂಂಬಿನವರು ಅಯ್ಯೋ ಎಂದು ಒಟ್ಟಿಗೆ ನರಳಿದೆವು. ಬಾಗಿಲ ಹತ್ತಿರ ಇದ್ದವರು ಅಭ್ಯಾಸಬಲದಿಂದ ಎದ್ದೇ ಬಿಟ್ಟರು.

ಆಂಬ್ರೋಸನಿಗೆ ಏನೂ ಕಾಣುತ್ತಿರಲಿಲ್ಲ. ಮೊದಲು ಹೆದರಿ ಹೆದರಿ, ಆಮೇಲೆ ಹದ ಹತ್ತಿ, ಆಮೇಲೆ ಕೈ ಬೀಸಿಕೊಂಡು ಹೇಳತೊಡಗಿದ. ಹಿಂದಿನ ಸನ್ಯಾಸಿಗಳು ಅಕ್ಷರದ ಹಾಳೆ ಬರೆಯುವಾಗ ತಲೆಯಲ್ಲಿ ಶಿಲುಬೆ ಬರೆದದ್ದು. ಮಗು ಅದನ್ನು ಮುಟ್ಟಿ ದೇವರನ್ನು ನೆನೆದು ಓದಲು ಶುರುಮಾಡುತ್ತಿದ್ದದ್ದು. ಆ ಶಿಲುಬೆಯ ಹೆಸರು ಮೆಲ್ಲಗೆ ಜಾರಿ ಪಕ್ಕದ ಅಕ್ಷರಗಳ ಮೇಲೂ ಬಿದ್ದದ್ದು. ಸಾಲಿನಿಂದ ಹಲಗೆಗೆ, ಹಲಗೆಯಿಂದ ಪುಸ್ತಕಕ್ಕೆ ಹಬ್ಬಿದ್ದು. ಜನರ ಬಾಯಿ ಸೋಮಾರಿಯಾದ್ದರಿಂದ ಕ್ರಿಸ್ತನ ಹೆಸರು ಸವೆದು ಸವೆದು ಬರೀ ಕ್ರಿಸ್ ಆಗಿ, ಈಗ ಅದನ್ನು ಹೇಳುವ ಮಗುವಿಗೆ ಯಾರ ಹೆಸರು ಹೇಳುತ್ತಿದ್ದೇನೆ ಎಂಬುದೇ ತಿಳಿಯದೆ ಹೋದದ್ದು. "ಹಲಗೆಯಿಂದ ಕೆರೆದೆವು ಸ್ವಾಮಿ, ಮೊದಲು ಕೆರೆದವನೇ ನಾನು. ಆದ್ರೆ ಮಾತಿನಿಂದ ಕೆರೆಯೋ ಚಾಕು ಎಲ್ಲಿ ಸಿಗುತ್ತೆ? ಅಕ್ಷರ ಬಲ್ಲವರೆಲ್ಲ ಈ ಸಾಲಿನಿಂದಲೇ ಬಂದೋರು."

ನ್ಯಾಯಾಧೀಶರು ಪಾದ್ರಿಯ ಕಡೆ ತಿರುಗಿದರು. "ನೀವು ಯಾವ ಸಾಲಿನಿಂದ ಕಲಿತದ್ದು?"

ಪಾದ್ರಿ ಹೋಲ್‌ನ ಕಿವಿ ಕೆಂಪಾಯಿತು. "ಅದೇ ಸಾಲು," ಎಂದ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆಂಬ್ರೋಸ್ ನಿಲ್ಲಿಸಲಿಲ್ಲ. ಊಟದ ಹೊತ್ತಿನ ಗಂಟೆ ಹೊಡೆಯಿತು. ಪಕ್ಕದ ವಸತಿಗೃಹದಿಂದ ಸುಟ್ಟ ಮಾಂಸದ ವಾಸನೆ ಕಿಟಕಿಯಲ್ಲಿ ಒಳಗೆ ಬಂತು. ನ್ಯಾಯಾಧೀಶರ ಹೊಟ್ಟೆ ಸಭೆಗೆಲ್ಲ ಕೇಳುವಂತೆ ಗುರುಗುಟ್ಟಿತು. ಆಂಬ್ರೋಸ್ ಬೆವರು ಒರೆಸಿಕೊಂಡು ಉಸಿರೆಳೆದ.

"ಇನ್ನು ಅಕ್ಷರದ ಪುಸ್ತಕಕ್ಕೆ ನಮ್ಮ ತಾತಂದಿರು ಹೇಳ್ತಿದ್ದ ಎರಡನೇ ಹೆಸರು. ಆಬ್ಸಿ ಅಂತ, ಎ-ಬಿ-ಸಿ ಅನ್ನೋದೇ ಬಾಯಲ್ಲಿ ಸವೆದು ಆದದ್ದು. ಇದರ ಚರಿತ್ರೆ ಸ್ವಲ್ಪ ಉದ್ದ..."

"ಎರಡನೇ ಹೆಸರೂ ಇದೆಯಾ!" ನ್ಯಾಯಾಧೀಶರು ಕುರ್ಚಿಯಿಂದ ಅರ್ಧ ಎದ್ದರು. "ಪಾದ್ರಿಗಳೇ, ಒಂದು ಮಾತು ಹೇಳಿ. ಓದ್ತಾನೋ ಇಲ್ವೋ?"

ಪಾದ್ರಿ ಹೋಲ್ ಆಂಬ್ರೋಸನನ್ನು ನೋಡಿದ, ಬಾಗಿಲನ್ನು ನೋಡಿದ. "ಓದುತ್ತಾನೆ," ಎಂದ.

ನಾವೆಲ್ಲ ಟೋಪಿ ಎಸೆದು ಕೂಗಿದೆವು. ಟ್ಯಾಮ್ಸಿನ್ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಆ ಗದ್ದಲದಲ್ಲಿ ಪಾದ್ರಿ ಆಂಬ್ರೋಸನ ಹತ್ತಿರ ಬಂದು, ಚರ್ಚಿನ ಮೊಗಸಾಲೆಗೆ ಬೇರೆಯವರು ಬರುತ್ತಾರೆ, ಮನೆ ಖಾಲಿ ಮಾಡಿ ಎಂದು ಹೇಳಿ ಊಟಕ್ಕೆ ಹೋದ.

ಡಿಗರಿಯ ಹೆಬ್ಬೆರಳಿಗೆ ಬರೆ ಹಾಕಿ ಬಿಟ್ಟರು. ಮೂವರೂ ಮಾರ್‌ಕೂಂಬಿನ ದಾರಿ ಹಿಡಿದರು. ಟ್ಯಾಮ್ಸಿನ್ ಗಂಡನ ಕಡೆ ತಿರುಗಿಯೂ ನೋಡದೆ ದುಡುದುಡು ಮುಂದೆ ಹೋಗುತ್ತಿದ್ದಳು. ಡಿಗರಿ ಬೆಣ್ಣೆ ಹಚ್ಚಿದ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಬರುತ್ತಿದ್ದ. ಆಂಬ್ರೋಸ್ ಹಿಂದೆ.

ಬೈಗುಳಕ್ಕಾಗಿ ಅವನು ಕಾದ. ಬೈದರೆ ಹಗುರಾಗುತ್ತಿತ್ತು. ಯಾರೂ ಬೈಯದಿದ್ದಾಗ ತಾನೇ ಬಾಯಿಬಿಟ್ಟ.

"ಡಿಗರಿ, ನ್ಯಾಯಾಧೀಶರಿಗೆ ಹಸಿವಾಗಿಲ್ದಿದ್ರೆ ಇವತ್ತು ನನ್ನ ಬಾಯಿಂದ ನಿನ್ನ ಪ್ರಾಣ ಹೋಗಿರೋದು ಕಣೋ."

"ಹೌದು ಭಾವ," ಎಂದ ಡಿಗರಿ.

ಆಮೇಲೆ ಡಿಗರಿ ತಾನೇ ಶುರುಮಾಡಿದ.

"ಆದ್ರೆ ನೀನು ಎದ್ದು ನಿಂತು 'ಯಾವ ಪುಟ ಬೇಕಾದ್ರೂ ಕೊಡಿ' ಅಂದ್ಯಲ್ಲ, ಆ ಗಳಿಗೇಲಿ ನಂಗೂ ಹಂಗೇ ಅನ್ನಿಸ್ಬಿಡ್ತು ಭಾವ. ಕೊಡ್ಲಿ ಬಿಡು, ಓದೇಬಿಡ್ತೀನಿ ಅಂತ. ಹುಟ್ಟಿದಾಗಿಂದ ನನ್ನ ಬಗ್ಗೆ ಯಾರೂ ಹಂಗೆ ಜಂಬ ಕೊಚ್ಚಿರ್ಲಿಲ್ಲ."

ಆಂಬ್ರೋಸ್ ನಿಂತುಬಿಟ್ಟ. ಸುಮ್ಮನೆ ಒಪ್ಪಿಕೊಳ್ಳಬಹುದಿತ್ತು. ಆದರೆ ಅಷ್ಟು ಒಳ್ಳೆಯ ಮಾತನ್ನು ಮೋಸದಿಂದ ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ.

"ಅದು ನಿನ್ನ ಬಗ್ಗೆ ಕೊಚ್ಚಿದ್ದಲ್ಲ ಕಣೋ. ನನ್ನ ಬಗ್ಗೆ ನಾನೇ ಕೊಚ್ಚಿಕೊಂಡಿದ್ದು."

"ಗೊತ್ತು," ಎಂದ ಡಿಗರಿ. "ಆದ್ರೂ."

ಮೇಷ್ಟ್ರಿಗೆ ಅಳು ಒತ್ತರಿಸಿಕೊಂಡು ಬಂತು. ಮುಂದೆ ಹೋಗುತ್ತಿದ್ದ ಟ್ಯಾಮ್ಸಿನ್ ಹಿಂದೆ ಹೆಜ್ಜೆಯ ಸದ್ದು ನಿಂತದ್ದನ್ನು ಕೇಳಿ ತಿರುಗಿ ನೋಡಿದಳು. ಇಬ್ಬರೂ ಬರುವವರೆಗೆ ದಾರಿಯಲ್ಲೇ ನಿಂತು ಕಾದಳು.